ಆಸ್ಟಿನ್ ಕನ್ವೆನ್ಶನ್ ಸೆಂಟರ್ ಕೆಡವಿ ಕಟ್ತಿದಾರೆ, ಸರಿ. ಮಂಗಳವಾರ ಮಧ್ಯಾಹ್ನ ಅಲ್ಲಿಗೆ ಯಾರು ಹೋಗ್ತಾರೆ?

ನಡಿಗೆಪ್ರಿಯ · ಭಾನುವಾರ ಬೆಳಿಗ್ಗೆ 7:40

ನಿನ್ನೆ ಲೇಕ್‌ಲೈನ್‌ನಲ್ಲಿ ರೆಡ್ ಲೈನ್ ಹತ್ತಿ ಡೌನ್‌ಟೌನ್‌ಗೆ ಹೋಗಿದ್ದೆ. ಕೆಲಸವೇನೂ ಇರಲಿಲ್ಲ, ಮನೆಯಲ್ಲಿ ಕೂತು ಬೇಜಾರಾಗಿತ್ತು ಅಷ್ಟೆ. ರೈಲಿಂದ ಇಳಿದವನಿಗೆ ಒಂದು ಕ್ಷಣ ದಿಕ್ಕು ತಪ್ಪಿದ ಹಾಗಾಯ್ತು. ಇಷ್ಟು ವರ್ಷ ಸ್ಟೇಷನ್ನಿಂದ ದಕ್ಷಿಣಕ್ಕೆ ತಿರುಗಿದ ಕೂಡಲೇ ಎದುರಿಗೆ ನಿಲ್ಲುತ್ತಿದ್ದ ಕನ್ವೆನ್ಶನ್ ಸೆಂಟರಿನ ಆ ಗೋಡೆ ಇಲ್ಲ. ಬೇಲಿ, ಯಂತ್ರಗಳು, ಅದರಾಚೆ ಬರೀ ಆಕಾಶ. ನಾನು ಈ ಊರಿಗೆ ಬಂದು 14 ವರ್ಷ ಆಯ್ತು. ಅಲ್ಲಿ ಆಕಾಶ ಇದೆ ಅಂತ ಗೊತ್ತಾಗಿದ್ದು ನಿನ್ನೆಯೇ.

ಹೊಸಬರಿಗಾಗಿ ಚುಟುಕಾಗಿ ಹೇಳ್ತೀನಿ. ಕನ್ವೆನ್ಶನ್ ಸೆಂಟರ್ ಅಂದರೆ ದೊಡ್ಡ ಸಮ್ಮೇಳನ, ಪ್ರದರ್ಶನ ನಡೆಯೋ ಕಟ್ಟಡ. ಟೆಕ್ಸಸ್ಸಿನ ನಮ್ಮ ಆಸ್ಟಿನ್ನಲ್ಲಿ ಅದು ಶುರುವಾಗಿದ್ದು 1992ರಲ್ಲಿ, 2002ರಲ್ಲಿ ದೊಡ್ಡದು ಮಾಡಿದರು, 2025ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿದರು. ಹೊಸದಕ್ಕೆ 160 ಕೋಟಿ ಡಾಲರ್. ಬಾಡಿಗೆಗೆ ಕೊಡುವ ಜಾಗ 3,65,000 ಚದರಡಿ ಇದ್ದದ್ದು 6,20,000 ಆಗುತ್ತೆ. 2029ರ ವಸಂತದಲ್ಲಿ ಸೌತ್ ಬೈ ಸೌತ್‌ವೆಸ್ಟ್ ಅನ್ನೋ ಸಂಗೀತ, ಸಿನಿಮಾ ಹಬ್ಬದ ಹೊತ್ತಿಗೆ ತೆರೆಯಬೇಕು ಅನ್ನೋದು ಗುರಿ.

ಸ್ಟೇಷನ್ನಿಂದ ಸೆಕೆಂಡ್ ಸ್ಟ್ರೀಟ್ ಹಿಡಿದು ಪಶ್ಚಿಮದ ತುದಿಯ ಸೆಂಟ್ರಲ್ ಲೈಬ್ರರಿವರೆಗೂ ಹೋಗಿ ಬಂದೆ. ನೀವೂ ಒಮ್ಮೆ ನಡೆದು ನೋಡಿ. 2017ರಲ್ಲಿ ತೆರೆದ ಆ ಲೈಬ್ರರಿಯಲ್ಲಿ ಯಾವ ಹೊತ್ತಿಗೂ ಜನ. ಓದೋರು, ನಿದ್ದೆ ಮಾಡೋರು, ಮೇಲಿನ ತೋಟದಲ್ಲಿ ಡಬ್ಬಿ ಬಿಚ್ಚಿ ಊಟ ಮಾಡೋರು. ಶೋಲ್ ಕ್ರೀಕ್ ಸೇತುವೆ ದಾಟಿ ಪೂರ್ವಕ್ಕೆ ಬಂದರೆ ಕಾಫಿ ಅಂಗಡಿಗಳು, ಗಾಯಕ ವಿಲ್ಲಿ ನೆಲ್ಸನ್ ಪ್ರತಿಮೆ ಪಕ್ಕ ಫೋಟೋ ತೆಗೆಸಿಕೊಳ್ಳೋರು, ಆಮೇಲೆ ಸಿಟಿ ಹಾಲ್. ಕಾಂಗ್ರೆಸ್ ಅವೆನ್ಯೂ ದಾಟಿದ ಮೇಲೆ ಜನ ತೆಳುವಾಗ್ತಾರೆ. ಟ್ರಿನಿಟಿ ಬೀದಿಗೆ ಬಂದರೆ ಬೀದಿಯೇ ಮುಗಿಯುತ್ತೆ. ಸೆಂಟರ್ ಇದ್ದಾಗಲೂ ಅಲ್ಲಿಗೇ ಮುಗೀತಿತ್ತು, ಈಗ ಬೇಲಿಗೆ ಮುಗಿಯುತ್ತೆ. ಒಂದೇ ಬೀದಿ, ಒಂದು ತುದಿಯಲ್ಲಿ ಲೈಬ್ರರಿ, ಇನ್ನೊಂದು ತುದಿಯಲ್ಲಿ ಕನ್ವೆನ್ಶನ್ ಸೆಂಟರ್. ಎರಡೂ ಸಾರ್ವಜನಿಕ ಕಟ್ಟಡಗಳೇ. ಒಂದಕ್ಕೆ ನಾನು ನೂರಾರು ಸಲ ಹೋಗಿದೀನಿ. ಇನ್ನೊಂದರೊಳಗೆ ಹೋಗಿದ್ದು ಎರಡೇ ಸಲ, ಎರಡು ಸಲವೂ ಕೊರಳಲ್ಲಿ ಆಫೀಸಿನವರು ಕೊಟ್ಟ ಬ್ಯಾಡ್ಜ್ ಇತ್ತು.

ಹೊಸ ನಕ್ಷೆಯಲ್ಲಿ ಎಕ್ಸಿಬಿಷನ್ ಹಾಲ್ ನೆಲದಡಿಗೆ ಹೋಗುತ್ತೆ. ಮುಚ್ಚಿಹೋಗಿದ್ದ ಸೆಕೆಂಡ್, ಥರ್ಡ್ ಸ್ಟ್ರೀಟ್‌ಗಳ ದಾರಿ ನಡೆಯೋರಿಗೆ, ಸೈಕಲ್ಲಿನವರಿಗೆ ಮತ್ತೆ ಸಿಗುತ್ತೆ ಅಂತಾರೆ. ನನ್ನ ಪ್ರಕಾರ 160 ಕೋಟಿಯಲ್ಲಿ ನಮಗೆ ಸಿಗೋದು ಈ ದಾರಿಗಳೇ, ಉಳಿದದ್ದು ಹೊರಗಿಂದ ಬರೋರಿಗೆ. ಆದರೆ ಬರೀ ದಾರಿ ಬಿಟ್ಟರೆ ಜನ ಬರ್ತಾರಾ? ಸಮ್ಮೇಳನ ಇಲ್ಲದ ಮಂಗಳವಾರ ಮಧ್ಯಾಹ್ನ ನೀವು ಅಲ್ಲಿಗೆ ಯಾವುದಕ್ಕೆ ಹೋಗ್ತೀರಿ? ಇದೊಂದೇ ನನ್ನ ಪ್ರಶ್ನೆ.

ಹುಬ್ಳಿ_ಗಿರ್ಮಿಟ್ · ಭಾನುವಾರ 8:15

ಮಂಗಳವಾರ ಮಧ್ಯಾಹ್ನ ನಾ ಆಫೀಸಿನ್ಯಾಗ ಇರ್ತೇನ್ರಿ, ಎಲ್ಲಿಗೂ ಹೋಗಂಗಿಲ್ಲ.

ಚೇಷ್ಟಿ ಬಿಡ್ರಿ. 160 ಕೋಟಿ ಡಾಲರ್! 2025ರ ನವೆಂಬರ್‌ನ್ಯಾಗ ಸಿಟಿಯವರು ರೊಕ್ಕ ಸಾಲವಲ್ದು, ಪ್ರಾಪರ್ಟಿ ಟ್ಯಾಕ್ಸ್ ಏರಸ್ತೀವಿ ಅಂತ ಪ್ರಪೋಸಿಷನ್ ಕ್ಯೂ ಮತಕ್ಕ ಇಟ್ರು, ಜನಾ ಒದ್ದು ಹಾಕಿದ್ರು. ಪಾರ್ಕಿಗೆ ರೊಕ್ಕ ಇಲ್ಲ, ಈಜುಕೊಳಕ್ಕ ರೊಕ್ಕ ಇಲ್ಲ, ಮನಿ ಇಲ್ದವ್ರಿಗೆ ಇಲ್ಲ. ಇಂಥಾದಕ್ಕ ಮಾತ್ರ ಎಲ್ಲಿಂದ ಬರ್ತೈತಿ? ಹಳೇದಕ್ಕ ಆಗಿದ್ದು ಬರೇ 33 ವರ್ಷ. ನಮ್ಮೂರಾಗ 33 ವರ್ಷದ ಮನಿಗೆ ಸುಣ್ಣಾ ಹಚ್ಚತಾರ, ಕೆಡವಂಗಿಲ್ಲ.

ಲೆಕ್ಕಪತ್ರ · ಭಾನುವಾರ 9:02

ಗಿರ್ಮಿಟ್ ಸರ್, ನಿಮ್ಮ ಸಿಟ್ಟು ಸರಿ, ಲೆಕ್ಕ ಮಾತ್ರ ಬೇರೆ. ಈ ಹಣ ಪ್ರಾಪರ್ಟಿ ಟ್ಯಾಕ್ಸಿನದಲ್ಲ, ಹೋಟೆಲ್ ರೂಮಿನ ಮೇಲಿನ ತೆರಿಗೆಯದು. ಆಸ್ಟಿನ್ನಲ್ಲಿ ರೂಮು ಮಾಡಿದರೆ ಬಿಲ್ಲಿನ ಮೇಲೆ ಶೇ. 17 ಬೀಳುತ್ತೆ. ಅದರಲ್ಲಿ 6 ರಾಜ್ಯಕ್ಕೆ, 11 ನಗರಕ್ಕೆ. ನಗರದ ಪಾಲನ್ನು ಪ್ರವಾಸೋದ್ಯಮಕ್ಕೆ ಒಳ್ಳೇದಾಗೋ ಕೆಲವೇ ಬಾಬ್ತುಗಳಿಗೆ ಖರ್ಚು ಮಾಡಬೇಕು ಅಂತ ಟೆಕ್ಸಸ್ ಕಾನೂನು ಕಟ್ಟಿಹಾಕಿದೆ. ಕನ್ವೆನ್ಶನ್ ಸೆಂಟರ್, ಊರಿನ ಪ್ರಚಾರ, ಕಲೆ, ಹಳೇ ಕಟ್ಟಡಗಳ ರಕ್ಷಣೆ, ಹೀಗೆ. ಕಲೆಗೆ ಶೇ. 15 ಮೀರೋ ಹಾಗಿಲ್ಲ, ಪರಂಪರೆಗೂ ಅಷ್ಟೇ ಮಿತಿ. ಈಜುಕೊಳಕ್ಕೆ, ಪೊಲೀಸರ ಸಂಬಳಕ್ಕೆ ಮುಟ್ಟೋ ಹಾಗೇ ಇಲ್ಲ.

ಸೆಂಟರ್‌ಗೆ ಮಾತ್ರ ಅಂಥ ಮಿತಿ ಇಲ್ಲ. ಹಾಗಾಗಿ ಹೋಟೆಲ್ ತೆರಿಗೆ ಹೆಚ್ಚು ಬಂದಷ್ಟೂ ಸೆಂಟರ್ ದೊಡ್ಡದಾಗುತ್ತೆ. ಇದು ಆಸ್ಟಿನ್ ಒಂದರ ಕಥೆಯಲ್ಲ, ಅಮೆರಿಕದ ಎಷ್ಟೋ ಊರುಗಳು ಒಂದನ್ನೊಂದು ನೋಡಿ ಹಾಲ್ ಬೆಳೆಸಿಕೊಂಡಿವೆ. ಸ್ಯಾನ್ ಆಂಟೋನಿಯೊದ ಪ್ರೊಫೆಸರ್ ಹೇವುಡ್ ಸ್ಯಾಂಡರ್ಸ್ ದಶಕಗಳಿಂದ ಇದನ್ನೇ ಬರೀತಿದಾರೆ. ಇಷ್ಟು ಜನ ಬರ್ತಾರೆ, ಇಷ್ಟು ರೂಮು ತುಂಬುತ್ತೆ ಅಂತ ಸಲಹೆಗಾರರು ಹಾಕಿಕೊಡೋ ಅಂದಾಜು ಊರಿಂದ ಊರಿಗೆ ಸುಳ್ಳಾಗುತ್ತೆ ಅನ್ನೋದು ಅವರ ವಾದ.

ಇನ್ನೊಂದು ಮಾತು. ಸಾಲದ ಬಾಂಡು ತೀರಿಸೋದು ಇದೇ ಹೋಟೆಲ್ ತೆರಿಗೆಯಿಂದ. ಒಂದೆರಡು ವರ್ಷ ಪ್ರವಾಸಿಗರು ಕಡಿಮೆಯಾದರು ಅಂದುಕೊಳ್ಳಿ, ಮೊದಲು ಹೋಗೋದು ಸಾಲದ ಕಂತು. ಸಂಗೀತಗಾರರ ನಿಧಿ, ಕಲೆಯ ಪಾಲು ಅದೇ ತೆರಿಗೆಯ ಮಕ್ಕಳು. ತೆರಿಗೆ ಇಳಿದರೆ ಅವೂ ಸೊರಗ್ತವೆ.

ಹುಬ್ಳಿ_ಗಿರ್ಮಿಟ್ · ಭಾನುವಾರ 9:20

ಹಂಗಾರ ರೊಕ್ಕ ಐತಿ, ಖರ್ಚು ಮಾಡಾಕ ಹಾದಿ ಒಂದ ಐತಿ, ಅದಕ್ಕ ಗುದ್ಲಿ ತಗೊಂಡಾರ ಅಂತೀರಿ. ತಿಳೀತು. ಸಿಟ್ಟು ಇನ್ನೊಂದಿಷ್ಟು ಜಾಸ್ತಿ ಆತು.

ಪೆಂಡಾಲ್_ಪಾರ್ಟಿ · ಭಾನುವಾರ 11:30

ನಾನು ಈ ಲೈನ್‌ನಲ್ಲೇ ಇರೋನು. ಟ್ರೇಡ್ ಶೋಗಳಿಗೆ ಬೂತ್ ನಿಲ್ಲಿಸೋದು, ಮೇಲೆ ಲೈಟು, ಸ್ಪೀಕರ್ ತೂಗಿಸೋದು ನನ್ನ ಅನ್ನ. ಊರಲ್ಲಿದ್ದಾಗ ಚಿಕ್ಕಪ್ಪನ ಶಾಮಿಯಾನ ಅಂಗಡಿಯಲ್ಲಿ ಕಲಿತ ಕೆಲಸ, ಇಲ್ಲಿಗೆ ಬಂದು ಹಗ್ಗದ ಬದಲು ಚೈನ್ ಮೋಟರ್ ಆಯ್ತು.

ಗೋಡೆ ಗೋಡೆ ಅಂತ ಎಲ್ಲರೂ ಬೈತಾರಲ್ಲ, ಆ ಗೋಡೆ ಯಾಕಿರುತ್ತೆ ಅಂತ ಹೇಳ್ತೀನಿ ಕೇಳಿ. ಎಕ್ಸಿಬಿಷನ್ ಹಾಲ್‌ಗೆ ಕಂಬ ಇರಬಾರದು ಅಥವಾ ತುಂಬ ದೂರ ದೂರ ಇರಬೇಕು. ಸೂರು ಎತ್ತರ ಬೇಕು. ನೆಲ ಲಾರಿ ಭಾರ ತಡೀಬೇಕು, ಯಾಕಂದ್ರೆ ಸಾಮಾನು ಇಳಿಸೋ ಗಾಡಿ ಎಷ್ಟೋ ಸಲ ಹಾಲೊಳಗೇ ಬರುತ್ತೆ. ಕಿಟಕಿ ಬೇಡ. ಬಿಸಿಲು ಬಿದ್ದರೆ ಸ್ಕ್ರೀನ್ ಕಾಣಲ್ಲ, ಬೂತಿನವರು ಜಗಳಕ್ಕೆ ಬರ್ತಾರೆ. ಇಂಥ ಒಂದು ಡಬ್ಬಿಯನ್ನ ಊರ ನಡುವೆ ನೆಲದ ಮೇಲಿಟ್ಟರೆ ನಾಲ್ಕು ಕಡೆಯೂ ಗೋಡೆಯೇ. ಒಂದು ಕಡೆಯಂತೂ ಲಾರಿ ಡಾಕ್. ಡಾಕ್ ಇರೋ ಬೀದಿ ಸತ್ತ ಹಾಗೆ. ರಿವರ್ಸ್ ಬೀಪ್, ಡೀಸೆಲ್ ಹೊಗೆ, ಶಟರ್.

ದಿನದ ಲೆಕ್ಕವೂ ನೋಡಿ. ಮೂರು ದಿನದ ಶೋ ಅಂದರೆ ಕಟ್ಟೋಕೆ ಎರಡು ಮೂರು ದಿನ, ಬಿಚ್ಚೋಕೆ ಒಂದೆರಡು ದಿನ. ಅಂದರೆ ಹಾಲ್ ಬುಕ್ ಆಗಿದ್ರೂ ಅರ್ಧದಷ್ಟು ದಿನ ಅಲ್ಲಿರೋದು ಹೆಲ್ಮೆಟ್ ಹಾಕಿದ ನಮ್ಮಂಥವರು ಮಾತ್ರ. ಬ್ಯಾಡ್ಜ್ ಹಾಕಿದ ಜನ ಬೀದಿಗೆ ಬಂದು ಕಾಫಿ ಕುಡಿಯೋದು ವರ್ಷದಲ್ಲಿ ನೀವು ಅಂದುಕೊಂಡಷ್ಟು ದಿನ ಅಲ್ಲ.

ನೆಲದಡಿ ಇಡೋದು ಅದಕ್ಕೇ. ಗೋಡೆ ಮಾಯ, ಲಾರಿ ಇಳಿಜಾರಲ್ಲಿ ಕೆಳಗೆ ಹೋಗುತ್ತೆ. ಆದರೆ ಪಕ್ಕದಲ್ಲೇ ವಾಲರ್ ಕ್ರೀಕ್ ಅನ್ನೋ ಹಳ್ಳ, ಸ್ವಲ್ಪ ದಕ್ಷಿಣಕ್ಕೆ ಕೆರೆ. ನೀರನ್ನ ಹೊರಗಿಡೋಕೆ ಸುರಿಯೋ ದುಡ್ಡೂ ಸಣ್ಣದಲ್ಲ. 160 ಕೋಟಿಯಲ್ಲಿ ಒಂದು ಒಳ್ಳೆ ಪಾಲು ನಿಮ್ಮ ಕಣ್ಣಿಗೆ ಬೀಳದೇ ಇರೋ ಕೆಲಸಕ್ಕೇ ಹೋಗೋದು.

ಸಿಯಾಟಲ್‌ನವರು ಉಲ್ಟಾ ಮಾಡಿದರು, ಹಾಲ್‌ಗಳನ್ನ ಒಂದರ ಮೇಲೊಂದು ಪೇರಿಸಿದರು. 2023ರಲ್ಲಿ ತೆರೆದ ಸಮಿಟ್ ಕಟ್ಟಡ. 190 ಕೋಟಿ ಡಾಲರ್ ಆಯ್ತು. ಅದರ ನಕ್ಷೆ ಮಾಡಿದ ಎಲ್ಎಂಎನ್ ಆಸ್ಟಿನ್ ನಕ್ಷೆಯಲ್ಲೂ ಇದಾರೆ. ನೋಡೋಕೆ ಚೆಂದ. ನಮ್ಮ ಕೆಲಸಕ್ಕೆ ಮಾತ್ರ ಲಿಫ್ಟಿಗೆ ಕಾಯ್ತಾ ನಿಲ್ಲೋದೇ ಒಂದು ಶಿಫ್ಟು.

ನಡಿಗೆಪ್ರಿಯ · ಭಾನುವಾರ 12:10

ಪೆಂಡಾಲ್ ಅಣ್ಣ, ಇದನ್ನ ನಗರಸಭೆಯಲ್ಲಿ ಯಾರೂ ಇಷ್ಟು ನೇರವಾಗಿ ಹೇಳಲಿಲ್ಲ. ಒಂದು ಸಂದೇಹ. ಡಬ್ಬಿ ಕೆಳಗೆ ಹೋದ ಮೇಲೆ ಮೇಲಿನ ಪ್ಲಾಜಾ ಯಾರ ಕೈಯಲ್ಲಿರುತ್ತೆ? ದೊಡ್ಡ ಶೋ ಇದ್ದಾಗ ಅದನ್ನೂ ಸೇರಿಸಿ ಬಾಡಿಗೆಗೆ ಕೊಟ್ಟು ಬೇಲಿ ಹಾಕಿದರೆ ಸೆಕೆಂಡ್ ಸ್ಟ್ರೀಟ್ ಮತ್ತೆ ಬಂದ್.

ಪೆಂಡಾಲ್_ಪಾರ್ಟಿ · ಭಾನುವಾರ 12:25

ಹಾಕೇ ಹಾಕ್ತಾರೆ. ಬಾಡಿಗೆಗೆ ಬರೋ ಜಾಗ ಅಂತ ಗೊತ್ತಾದ ಮೇಲೆ ಯಾವ ಮ್ಯಾನೇಜರೂ ಸುಮ್ಮನೆ ಬಿಡಲ್ಲ. ನಾನೇ ಎಷ್ಟೋ ಊರಲ್ಲಿ ಸಾರ್ವಜನಿಕ ಪ್ಲಾಜಾದಲ್ಲಿ ಸ್ಪಾನ್ಸರ್ ಟೆಂಟ್ ಹೊಡೆದಿದೀನಿ. ಮಕ್ಕಳು ಆಡ್ತಿದ್ದ ಜಾಗಕ್ಕೆ ಸೆಕ್ಯೂರಿಟಿ ನಿಲ್ಲಿಸಿ. ಹೊಟ್ಟೆಪಾಡು.

ದಾರಿಯನ್ನ ದಾರಿ ಅಂತಲೇ ಕಾಗದದಲ್ಲಿ ಬರೆಸ್ಕೋಬೇಕು. ಕಟ್ಟಡದ ಅಂಗಳ ಅಂತ ಬರೆದರೆ ಹೋಯ್ತು.

ಶಿವಮೊಗ್ಗದ_ಮಗಳು · ಭಾನುವಾರ 14:05

ನಾನು ಈ ನಕ್ಷೆ ಪಕ್ಷೆ ಎಲ್ಲ ಓದಿಲ್ಲ. ಹೋದ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಿದ್ರು. ರೌಂಡ್ ರಾಕ್ ಮನೆಯಲ್ಲಿ ಕೂತು ಅಪ್ಪನಿಗೆ ತಲೆಕೆಟ್ಟು, "ನಿಮ್ಮ ಊರಲ್ಲಿ ಊರು ಎಲ್ಲಿದೆ?" ಅಂದ್ರು. ಗಾಂಧಿ ಬಜಾರಲ್ಲಿ ಸಂಜೆ ನಾಲ್ಕು ಸುತ್ತು ಹಾಕಿ ಗೆಳೆಯರ ಜೊತೆ ಕಾಫಿ ಕುಡಿದು ಮನೆಗೆ ಬರೋ ಮನುಷ್ಯ ಅವರು. ಡೌನ್‌ಟೌನ್ ತೋರಿಸೋಣ ಅಂತ ಕರ್ಕೊಂಡು ಹೋದೆ. ಬಿಸಿಲು 38 ಡಿಗ್ರಿ ದಾಟಿತ್ತು. ಬಾವಲಿ ಹಾರೋದು ನೋಡೋಕೆ ಕಾಂಗ್ರೆಸ್ ಸೇತುವೆಗೆ ಹೋಗೋ ಮುಂಚೆ ಒಂದೂವರೆ ಗಂಟೆ ಕಳೀಬೇಕಿತ್ತು. ನೆರಳು ಹುಡುಕಿದ್ವಿ, ಬೆಂಚು ಹುಡುಕಿದ್ವಿ, ಅಮ್ಮನಿಗೆ ಟಾಯ್ಲೆಟ್ ಹುಡುಕಿದ್ವಿ. ಕೊನೆಗೆ ಒಂದು ಹೋಟೆಲ್ ಲಾಬಿಗೆ ನುಗ್ಗಿ, ಯಾರಾದ್ರೂ ಎಬ್ಬಿಸ್ತಾರೇನೋ ಅಂತ ಹೆದರ್ಕೊಂಡು ಕೂತಿದ್ವಿ. ಅಮ್ಮ ಪೂರ್ತಿ ಹೊತ್ತು ಸೆರಗು ಹೊದ್ದು ಮುದುಡಿಕೊಂಡಿದ್ರು, ಎಸಿ ಚಳಿಗೆ.

ಹಾಗಾಗಿ ನಡಿಗೆಪ್ರಿಯ ಸರ್ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ನೆರಳು, ಬೆನ್ನು ಇರೋ ಬೆಂಚು, ಚೊಕ್ಕ ಟಾಯ್ಲೆಟ್, ಐದು ಡಾಲರ್ ಒಳಗೆ ಏನಾದ್ರೂ ತಿನ್ನೋಕೆ. ಬೆನ್ನಿಲ್ಲದ ಕಲ್ಲು ಬೆಂಚು ಹಾಕ್ತಾರಲ್ಲ ಡಿಸೈನರ್‌ಗಳು, ಅದರ ಮೇಲೆ 70 ವರ್ಷದವರನ್ನ ಅರ್ಧ ಗಂಟೆ ಕೂರಿಸಿ ನೋಡಲಿ.

ಕುಡ್ಲದವ · ಭಾನುವಾರ 14:12

ಮೇಡಂ ಹೇಳಿದ್ದೇ ಸತ್ಯ ಮಾರಾಯ್ರೆ. ಉಳಿದದ್ದೆಲ್ಲ ಪವರ್‌ಪಾಯಿಂಟ್.

ಸಮುದ್ರದಾಚೆ · ಭಾನುವಾರ 18:50

ಸಿಡ್ನಿಯಿಂದ ಬರೀತಿದ್ದೇನೆ, ಇಲ್ಲಿ ಬೆಳಗಾಯ್ತು. ನಿಮಗೆ ಈಗ ಆಗ್ತಿರೋದು ನಮಗೆ ಹತ್ತು ವರ್ಷ ಮೊದಲೇ ಆಗಿದೆ, ಅದಕ್ಕೆ ಉದ್ದ ಬರೀತೇನೆ, ಬೇಜಾರಾಗಬೇಡಿ.

ಡಾರ್ಲಿಂಗ್ ಹಾರ್ಬರ್‌ನ ಹಳೆಯ ಕನ್ವೆನ್ಶನ್ ಸೆಂಟರ್, ಎಕ್ಸಿಬಿಷನ್ ಸೆಂಟರ್ ಎರಡೂ 1988ರವು. ಎಕ್ಸಿಬಿಷನ್ ಹಾಲ್ ವಾಸ್ತುಶಿಲ್ಪಿ ಫಿಲಿಪ್ ಕಾಕ್ಸ್ ಅವರದ್ದು. ಹಡಗಿನ ಕೂವೆಮರದ ಹಾಗೆ ಮೇಲೆ ಕಂಬ, ತಂತಿ ಎಲ್ಲ ಇದ್ದು, ಚೆಂದದ ಕಟ್ಟಡ, ಪ್ರಶಸ್ತಿಯೂ ಬಂದಿತ್ತು. 2013ರ ಕೊನೆಗೆ ಮುಚ್ಚಿದರು, ಕೆಡವಿದರು. 25 ವರ್ಷ! ತುಂಬ ಜನ ವಿರೋಧ ಮಾಡಿದ್ದರು. ನನಗೆ ಇವತ್ತಿಗೂ ಅದು ಬೇಸರವೇ. ಹೊಸ ಕನ್ವೆನ್ಶನ್ ಸೆಂಟರ್ (ಐಸಿಸಿ ಅಂತ ಹೆಸರು) 2016ರ ಡಿಸೆಂಬರಿನಲ್ಲಿ ತೆರೆಯಿತು. ನಡುವಿನ ಮೂರು ವರ್ಷ ಗ್ಲೀಬ್ ಐಲೆಂಡ್‌ನಲ್ಲಿ ತಾತ್ಕಾಲಿಕ ಹಾಲ್ ಹಾಕಿ ಪ್ರದರ್ಶನಗಳನ್ನು ಊರಲ್ಲೇ ಉಳಿಸಿಕೊಂಡರು.

ಈಗ ಅಸಲು ವಿಷಯ. ನಾನು ಮಕ್ಕಳನ್ನು ಕರಕೊಂಡು ಆ ಕಡೆಗೆ ತಿಂಗಳಿಗೆ ಎರಡು ಸಲವಾದರೂ ಹೋಗ್ತೇನೆ. ಐಸಿಸಿ ಒಳಗೆ ಕಾಲಿಟ್ಟದ್ದು ಮಾತ್ರ ಒಂದೋ ಎರಡೋ ಸಲ. ಹೋಗುವುದು ಎದುರಿಗಿರುವ ಟಂಬಲಾಂಗ್ ಪಾರ್ಕಿಗೆ. ಅಲ್ಲಿ ನೀರಾಟದ ಜಾಗ ಉಂಟು, ಮಕ್ಕಳು ಪೂರ್ತಿ ಒದ್ದೆ. ಆಮೇಲೆ ದಕ್ಷಿಣದಲ್ಲಿ ಡಾರ್ಲಿಂಗ್ ಸ್ಕ್ವೇರ್. ಹಳೆಯ ಎಂಟರ್‌ಟೈನ್‌ಮೆಂಟ್ ಸೆಂಟರ್ ಇದ್ದ ಜಾಗ ಅದು. ಮನೆಗಳು ಬಂದವು, ಸಣ್ಣ ಸಣ್ಣ ತಿಂಡಿ ಅಂಗಡಿ ಬಂದವು, ಮರದ ಪಟ್ಟಿ ಸುತ್ತಿದ ಹಕ್ಕಿಗೂಡಿನಂಥ ಒಂದು ಕಟ್ಟಡ ಬಂತು, ಜಪಾನಿನ ಕೆಂಗೊ ಕುಮಾ ಅವರ ನಕ್ಷೆ. ಅದರೊಳಗೆ ಲೈಬ್ರರಿ. ಹಗಲಿಗೆ ಓದುವ ಮಕ್ಕಳು, ರಾತ್ರಿಗೆ ಊಟಕ್ಕೆ ಬರುವವರು, ಪಕ್ಕದಲ್ಲೇ ಚೈನಾಟೌನ್, ಸೆಂಟ್ರಲ್ ಸ್ಟೇಷನ್ ಕಡೆಯಿಂದ ನಡೆದು ಬರುವವರು. ಸಮ್ಮೇಳನ ಉಂಟೋ ಇಲ್ಲವೋ ಅಲ್ಲಿ ಯಾರೂ ಕೇಳುವುದಿಲ್ಲ.

ಜನ ಸಿಕ್ಕಿದ್ದು ಹಾಲ್‌ನಿಂದ ಅಲ್ಲ, ಹಾಲ್ ಕಟ್ಟುವ ನೆಪದಲ್ಲಿ ಸುತ್ತ ಮಾಡಿದ ಕೆಲಸದಿಂದ. ಆಸ್ಟಿನ್‌ನಲ್ಲಿ ಆ ಸುತ್ತಲಿನ ಕೆಲಸಕ್ಕೆ ಹಣ ಇಟ್ಟಿದ್ದಾರಾ? ನೀವು ಕೇಳಬೇಕಾದ್ದು ಅದು.

ನಡಿಗೆಪ್ರಿಯ · ಭಾನುವಾರ 20:15

ಸಮುದ್ರದಾಚೆಯ ಮೇಡಂ, ಬರೆದದ್ದಕ್ಕೆ ತುಂಬ ಉಪಕಾರವಾಯ್ತು. ಸುತ್ತಲಿನ ಕೆಲಸ ಇಲ್ಲಿ ಬೇರೆ ಬೇರೆಯವರ ಕೈಯಲ್ಲಿದೆ, ಅದೇ ತಲೆನೋವು. ಪೂರ್ವಕ್ಕೆ ವಾಲರ್ ಕ್ರೀಕ್ ಉದ್ದಕ್ಕೂ ವಾಟರ್‌ಲೂ ಗ್ರೀನ್‌ವೇ ಅಂತ ಪಾರ್ಕುಗಳ ಸರಪಳಿ ಮಾಡ್ತಿದಾರೆ, ಒಟ್ಟು 35 ಎಕರೆ. ಮೇಲಿನ ತುದಿಯ ವಾಟರ್‌ಲೂ ಪಾರ್ಕ್ 2021ರಲ್ಲಿ ತೆರೆದಿದೆ, ಕೆಳಗಿನ ತುದಿಯ ಕೆಲಸ ನಡೀತಿದೆ. ಅದಕ್ಕಿಂತ ಮುಂಚೆ ಮಳೆ ಬಂದರೆ ಉಕ್ಕುತ್ತಿದ್ದ ಆ ಹಳ್ಳದ ನೀರನ್ನ ನೆಲದಡಿಯ ಸುರಂಗಕ್ಕೆ ಇಳಿಸಿದರು. ತಮಾಷೆ ಅಂದರೆ ಸುರಂಗದ ಹಣದಲ್ಲಿ ಒಂದು ಪಾಲೂ ಕನ್ವೆನ್ಶನ್ ಸೆಂಟರಿನ ಹಿಂದಿನ ವಿಸ್ತರಣೆಯ ಹಣವೂ ಬಂದಿದ್ದು 1998ರಲ್ಲಿ ಮತದಾರರು ಒಪ್ಪಿದ ಒಂದೇ ಹೋಟೆಲ್ ತೆರಿಗೆಯಿಂದ. ಹಳ್ಳ, ಹಾಲ್ ಎರಡೂ ಅವಾಗಲೇ ಸೋದರಸಂಬಂಧಿಗಳು, ಆದರೂ ಹಾಲ್ ಹಳ್ಳಕ್ಕೆ ಬೆನ್ನು ತೋರಿಸಿಕೊಂಡೇ ಇತ್ತು.

ಲೈಟ್ ರೈಲ್ ಕೂಡ ಥರ್ಡ್ ಸ್ಟ್ರೀಟ್ ಹಿಡಿದು ಟ್ರಿನಿಟಿಗೆ ತಿರುಗಿ ಕೆರೆ ದಾಟುವ ಹಾಗೆ ನಕ್ಷೆ ಇದೆ. ಪಾರ್ಕು ಒಂದು ಸಂಸ್ಥೆ, ರೈಲು ಇನ್ನೊಂದು, ಪೂರ್ವದ ಐ-35 ಹೆದ್ದಾರಿ ರಾಜ್ಯದ್ದು, ಸೆಂಟರ್ ನಗರದ್ದು. ಎಲ್ಲರೂ ಅವರವರ ಬೇಲಿಯೊಳಗೆ ಅಗೀತಿದಾರೆ. ಬೇಲಿಗಳ ನಡುವಿನ ಫುಟ್‌ಪಾತ್ ಯಾರದ್ದು ಅಂತ ಕೇಳಿದರೆ ಉತ್ತರ ಇಲ್ಲ.

ಪೂರ್ವ_ದಿಕ್ಕು · ಭಾನುವಾರ 21:30

ಹೆದ್ದಾರಿ ಮಾತು ಬಂತು ಅಂತ ನಾನೂ ಬಾಯಿ ಹಾಕ್ತೀನಿ. ಐ-35ರ ಆ ಕಡೆ, ಈಸ್ಟ್ ಆಸ್ಟಿನ್ನಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿದ್ದೀನಿ. ಎಲ್ಲರೂ ಸೆಂಟರಿನ ಪಶ್ಚಿಮ ಮುಖದ ಬಗ್ಗೆಯೇ ಮಾತಾಡ್ತೀರಿ. ಪೂರ್ವಕ್ಕೆ ಏನಾಗಿತ್ತು?

1928ರ ನಗರ ಯೋಜನೆಯಲ್ಲಿ ಕಪ್ಪು ಜನರನ್ನ ಈಸ್ಟ್ ಅವೆನ್ಯೂ ಆಚೆಗೆ ಸಾಗಿಸೋದು ಅಂತ ಬರೆದೇ ಇಟ್ಟಿದ್ದರು. ಬಲವಂತವಾಗಿ ಎತ್ತಿ ಹಾಕಲಿಲ್ಲ. ಅವರ ಶಾಲೆ, ಪಾರ್ಕು, ಲೈಬ್ರರಿ ಎಲ್ಲ ಆ ಕಡೆಗೆ ಮಾತ್ರ ಕೊಟ್ಟರು, ಈ ಕಡೆ ಇದ್ದದ್ದನ್ನ ನಿಲ್ಲಿಸಿದರು. ಆಮೇಲೆ ಅದೇ ಈಸ್ಟ್ ಅವೆನ್ಯೂ ಮೇಲೆ 1962ರಲ್ಲಿ ಹೆದ್ದಾರಿ ಬಂತು. ಹೆದ್ದಾರಿಯಿಂದ ಸ್ವಲ್ಪ ಪಶ್ಚಿಮಕ್ಕೆ ಮೂವತ್ತು ವರ್ಷದ ಮೇಲೆ ಈ ಸೆಂಟರ್. ನನ್ನ ಮನೆ ಕಡೆಯಿಂದ ನಡೆದು ಬಂದರೆ ಮೊದಲು ಹೆದ್ದಾರಿ, ಆಮೇಲೆ ಹಳ್ಳದ ಬೇಲಿ, ಆಮೇಲೆ ಆ ಗೋಡೆ. ಸಾಲಾಗಿ ಮೂರು.

ಹೆದ್ದಾರಿ ಪಕ್ಕದಲ್ಲೇ ಪಾಮ್ ಸ್ಕೂಲ್ ಕಟ್ಟಡ ಇದೆ. 1892ರಲ್ಲಿ ಶುರುವಾದ ಶಾಲೆ, 1976ರಲ್ಲಿ ಮುಚ್ಚಿದರು. ಮೆಕ್ಸಿಕನ್-ಅಮೆರಿಕನ್ ಕುಟುಂಬಗಳ ಎಷ್ಟೋ ತಲೆಮಾರು ಅಲ್ಲಿ ಓದಿದೆ. ಆ ಶಾಲೆ, ಪಕ್ಕದ ಪಾಮ್ ಪಾರ್ಕ್, ಕನ್ವೆನ್ಶನ್ ಸೆಂಟರ್ ಮೂರನ್ನೂ ಸೇರಿಸಿ ಯೋಚನೆ ಮಾಡಿ ಅಂತ ಟೆಕ್ಸಸ್ ವಿಶ್ವವಿದ್ಯಾಲಯದ (ಯುಟಿ) ವಾಸ್ತುಶಿಲ್ಪ ಶಾಲೆಯವರು 2019ರಲ್ಲಿ ನಗರಕ್ಕೆ ದೊಡ್ಡ ವರದಿ ಕೊಟ್ಟಿದ್ದರು. ಹಾಲ್ ಒಂದನ್ನೇ ನೋಡಬೇಡಿ, ಸುತ್ತಲಿನ ಇಡೀ ಪ್ರದೇಶವನ್ನ ನೋಡಿ ಅನ್ನೋದೇ ಅದರ ತಿರುಳು. ಸೆಕೆಂಡ್ ಸ್ಟ್ರೀಟ್ ತೆರೆದರೆ ಅದು ಟ್ರಿನಿಟಿಯಿಂದ ರೆಡ್ ರಿವರ್ ಸ್ಟ್ರೀಟ್‌ವರೆಗೆ ಬಂದು ನಿಲ್ಲಬಾರದು. ಪಾಮ್ ಪಾರ್ಕಿಗೆ ಮುಟ್ಟಬೇಕು. ಇಲ್ಲದಿದ್ದರೆ ಹೋಟೆಲ್‌ನಿಂದ ಹೋಟೆಲ್‌ಗೆ ಒಂದು ಕಾರಿಡಾರ್ ಮಾಡಿಕೊಂಡ ಹಾಗಷ್ಟೇ.

ಇನ್ನು ಬಾಡಿಗೆ. ಸುತ್ತ ಚೆಂದ ಆದಷ್ಟೂ ನನ್ನಂಥವನು ಇನ್ನೂ ದೂರ ಹೋಗ್ತಾನೆ. ಅದನ್ನೂ ಯಾರಾದರೂ ಲೆಕ್ಕಕ್ಕೆ ಹಿಡೀತಾರಾ?

ಲೆಕ್ಕಪತ್ರ · ಭಾನುವಾರ 22:05

ಕೊನೆಯ ಪ್ರಶ್ನೆಗೆ ಹೋಟೆಲ್ ತೆರಿಗೆಯಲ್ಲಿ ಜಾಗ ಇಲ್ಲ ಸರ್. ಬಾಡಿಗೆದಾರರಿಗೆ ಅದರಿಂದ ಒಂದು ಡಾಲರೂ ಕೊಡೋ ಹಾಗಿಲ್ಲ. ಪಾಮ್ ಸ್ಕೂಲ್‌ನಂಥ ಕಟ್ಟಡಕ್ಕೆ ಪರಂಪರೆಯ ಶೇ. 15ರಲ್ಲಿ ಏನಾದರೂ ಸಿಗಬಹುದು ಅಷ್ಟೇ.

ಹುಬ್ಳಿ_ಗಿರ್ಮಿಟ್ · ಸೋಮವಾರ 7:10

ರಾತ್ರಿ ಎಲ್ಲಾ ಓದಿದೆ. ಸಿಡ್ನಿ ಅಕ್ಕಾ ಬರೆದದ್ದು ಭಾಳ ಛಲೋ ಐತ್ರಿ.

ಒಂದ ಮಾತು. ಇಷ್ಟೆಲ್ಲಾ ಊರ ಸಲುವಾಗಿ ಅಂತಾರ, ಊರ್ ಜನರನ್ನ ಕೇಳೂದಕ್ಕ ಯಾಕ ಹೆದರಿಕಿ? 2019ರಾಗ, ದೊಡ್ಡ ವಿಸ್ತರಣಕ್ಕ ಮೊದಲ ಮತ ಹಾಕಸ್ರಿ ಅಂತ ಒಂದು ಪ್ರಪೋಸಿಷನ್ ಬಂತು, ಬಿತ್ತು. 2025ರಾಗ ಮತ್ತ ಸಹಿ ಹಾಕಿಸಿದ್ರು. 20,000 ಸಹಿ ಬೇಕು, ಅದಕ್ಕಿಂತ ಭಾಳ ಕೊಟ್ರು. ಖರೇ ಸಹಿ ಸಾಲವಲ್ದು ಅಂತ ನಗರದ ಕ್ಲರ್ಕು ವಾಪಸ್ ಮಾಡಿದ್ರು. ಕಟ್ಟಡಾ ಕೆಡವಿದ ಮ್ಯಾಲ ಮತ ಕೇಳಿದ್ರ ಏನು, ಬಿಟ್ರ ಏನು. ಲಗ್ನ ಆದ ಮ್ಯಾಲ ಹುಡುಗೀನ ಕೇಳಿದಂಗ.

ನಡಿಗೆಪ್ರಿಯ · ಸೋಮವಾರ 7:45

ಗಿರ್ಮಿಟ್ ಅವರೇ, ಇದರಲ್ಲಿ ನನಗೂ ನಿಮಗೂ ಅರ್ಧ ಜಗಳ ಇದೆ. ಕೇಳಬೇಕಿತ್ತು, ಒಪ್ಪಿದೆ. ಆದರೆ ಮತಪತ್ರದಲ್ಲಿ ಬರೋದು ಹೌದು ಅಥವಾ ಇಲ್ಲ ಅಂತ. ಇಲ್ಲ ಅಂದಿದ್ದರೆ ಆರು ಬ್ಲಾಕಿನ ಆ ಗೋಡೆ ಇನ್ನೂ ಮೂವತ್ತು ವರ್ಷ ಇರ್ತಿತ್ತು. ಹೌದು ಅಂದಿದ್ದರೆ ಹಾಲ್ ಮಾತ್ರ ದೊಡ್ಡದಾಗ್ತಿತ್ತು. ಮೇಡಂ ಹೇಳಿದ ಬೆಂಚು, ಪೆಂಡಾಲ್ ಅಣ್ಣ ಹೇಳಿದ ಕಾಗದ, ಪೂರ್ವದವರು ಕೇಳಿದ ಪಾಮ್ ಪಾರ್ಕ್, ಇವನ್ನ ಯಾವ ಮತಪತ್ರದಲ್ಲಿ ಕೇಳೋದು? 1839ರಲ್ಲಿ ಎಡ್ವಿನ್ ವಾಲರ್ ಈ ಊರಿಗೆ ಗೆರೆ ಹಾಕಿದಾಗ ಎರಡು ಹಳ್ಳಗಳ ನಡುವೆ ಚೌಕಾಕಾರದ ಬೀದಿ ಇಟ್ಟು, ನಾಲ್ಕು ಬಯಲು ಬಿಟ್ಟ. ಒಂದು ಬಯಲು ಪಾರ್ಕ್ ಆಗಲೇ ಇಲ್ಲ, ಮೂರು ಉಳಿದವು. ಅದರಲ್ಲೊಂದು ಬ್ರಷ್ ಸ್ಕ್ವೇರ್, ಸ್ಟೇಷನ್ ಪಕ್ಕದಲ್ಲೇ. ಕಥೆಗಾರ ಓ. ಹೆನ್ರಿ ಒಂದು ಕಾಲದಲ್ಲಿ ಇದ್ದ ಪುಟ್ಟ ಮನೆ ಅಲ್ಲಿ ಮ್ಯೂಸಿಯಂ ಆಗಿದೆ. ಸಣ್ಣ ಮನೆ, ಮುಂದೆ ಮರ. ಕನ್ವೆನ್ಶನ್ ಸೆಂಟರಿನ ಮಗ್ಗುಲಲ್ಲೇ ಇಷ್ಟು ವರ್ಷ ಇದ್ದರೂ ಸಮ್ಮೇಳನಕ್ಕೆ ಬಂದ ಎಷ್ಟು ಜನ ಅದನ್ನ ನೋಡಿರಬಹುದು ಅಂತ ಮೊನ್ನೆ ಅಲ್ಲಿ ನಿಂತು ಯೋಚಿಸ್ತಿದ್ದೆ.

ಕುಡ್ಲದವ · ಸೋಮವಾರ 8:30

ಮಂಗಳವಾರದ ಪ್ರಶ್ನೆಗೆ ನನ್ನದೊಂದು. ಮೈಸೂರಿನಲ್ಲಿ ಓದುವಾಗ ದಸರಾ ವಸ್ತುಪ್ರದರ್ಶನಕ್ಕೆ ಹೋಗ್ತಿದ್ದೆವು. ದಸರಾ ಹತ್ತು ದಿನ, ಪ್ರದರ್ಶನ ತಿಂಗಳುಗಟ್ಟಲೆ. ಇಲಾಖೆಗಳ ಮಳಿಗೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲ ಹಪ್ಪಳ, ಮೆಣಸಿನಕಾಯಿ ಬಜ್ಜಿಯ ಕಡೆ, ತಿರುಗುವ ತೊಟ್ಟಿಲ ಕಡೆ. ಆದರೂ ಊರಿನವರಿಗೆ ಅದು ನಮ್ಮ ಎಕ್ಸಿಬಿಷನ್. ಟಿಕೆಟ್ ತೆಗೆದರೆ ಯಾರು ಬೇಕಾದರೂ ಒಳಗೆ. ಇಲ್ಲಿಯ ಹಾಲಿನಲ್ಲಿ ಊರಿನವರಿಗೆ ಅಂತ ವರ್ಷಕ್ಕೆ ಎಷ್ಟು ದಿನ ಇಟ್ಟಿದ್ದಾರೆ? ನಮ್ಮ ಯುಗಾದಿ ಕಾರ್ಯಕ್ರಮಕ್ಕೆ ಪ್ರತಿ ವರ್ಷ ಹೈಸ್ಕೂಲ್ ಆಡಿಟೋರಿಯಂ ಹುಡುಕುತ್ತೇವಲ್ಲ, ಅಲ್ಲಿಗೆ ಕೇಳಿದರೆ ಬಾಡಿಗೆ ಕೇಳಿಯೇ ಅಧ್ಯಕ್ಷರು ಮೂರ್ಛೆ ಹೋಗಬಹುದು.

ಪೆಂಡಾಲ್_ಪಾರ್ಟಿ · ಸೋಮವಾರ 12:40

ಮೂರ್ಛೆ ಖಂಡಿತ. ಹಾಲ್ ಬಾಡಿಗೆ ಒಂದೇ ಅಲ್ಲ. ಕರೆಂಟ್ ಕನೆಕ್ಷನ್ ಬೇರೆ, ಕಸ ಬೇರೆ, ಮೇಲೆ ಏನಾದರೂ ತೂಗು ಹಾಕಿದರೆ ಅದು ಬೇರೆ, ಊಟ ಅವರ ಕೇಟರಿಂಗ್‌ನದ್ದೇ ಆಗಬೇಕು ಅನ್ನೋದು ಎಷ್ಟೋ ಕಡೆ ನಿಯಮ. ಹೋಳಿಗೆ ಹೊರಗಿಂದ ತರೋ ಹಾಗಿಲ್ಲ.

ಆದ್ರೆ ಕುಡ್ಲದವರು ಕೇಳಿದ್ದು ಸರಿಯಾದ ಪ್ರಶ್ನೆ. ನೆಲಮಟ್ಟದಲ್ಲಿ ಒಂದೆರಡು ಸಣ್ಣ ಹಾಲ್, ಹೊರಗಿಂದಲೇ ಬಾಗಿಲು, ಬೇರೆ ದರಪಟ್ಟಿ. ಕಟ್ಟೋವಾಗಲೇ ಬಾಗಿಲು ಬೀದಿಗೆ ಇಟ್ಟರೆ ಆಮೇಲೆ ಕೊಡಬಹುದು. ಬಾಗಿಲು ಲಾಬಿಯೊಳಗೆ ಇಟ್ಟರೆ ಮುಗೀತು, ಒಬ್ಬ ಊರಿನವನನ್ನ ಒಳಗೆ ಬಿಡೋಕೂ ಹತ್ತು ಜನ ಸೆಕ್ಯೂರಿಟಿ ಬೇಕು. ಈಗ ಇನ್ನೂ ಗುಂಡಿ ಹಂತ. ಕೇಳೋದಿದ್ದರೆ ಈಗಲೇ ಕೇಳಬೇಕು.

ಶಿವಮೊಗ್ಗದ_ಮಗಳು · ಸೋಮವಾರ 13:15

ಹಾಗಿದ್ರೆ ಒಂದು ಕಾಗದ ಬರೆದು ಕೌನ್ಸಿಲ್‌ಗೆ ಕೊಡೋಣ್ವಾ? ಬೀದಿಗೆ ಬಾಗಿಲು, ನೆರಳು, ಬೆನ್ನಿರೋ ಬೆಂಚು, ಟಾಯ್ಲೆಟ್, ಸೆಕೆಂಡ್ ಸ್ಟ್ರೀಟ್‌ಗೆ ಯಾವತ್ತೂ ಬೇಲಿ ಹಾಕಲ್ಲ ಅಂತ ಬರವಣಿಗೆಯಲ್ಲಿ. ನಾನು ಟೈಪ್ ಮಾಡ್ತೀನಿ. ಇಂಗ್ಲಿಷ್ ಸರಿ ಮಾಡೋಕೆ ಯಾರಾದ್ರೂ ಬೇಕು.

ಪೂರ್ವ_ದಿಕ್ಕು · ಸೋಮವಾರ 13:22

ಪಾಮ್ ಪಾರ್ಕ್‌ವರೆಗೆ ಅಂತ ಸೇರಿಸಿದರೆ ನಾನು ಸರಿ ಮಾಡಿಕೊಡ್ತೀನಿ.

ನಡಿಗೆಪ್ರಿಯ · ಸೋಮವಾರ 19:00

ಸೇರಿಸಿದೆ. ಕೂತು ಬರೆಯೋದಕ್ಕಿಂತ ನಡೆದು ನೋಡಿ ಬರೆಯೋಣ. ಬರೋ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಬ್ರಷ್ ಸ್ಕ್ವೇರ್, ಓ. ಹೆನ್ರಿ ಮನೆ ಮುಂದೆ. ಬೇಲಿ ಪಕ್ಕದಲ್ಲೇ ಹಳ್ಳದವರೆಗೆ ಹೋಗಿ, ಪಾಮ್ ಸ್ಕೂಲ್ ಮುಟ್ಟಿ ಬರೋಣ. ಅಳತೆ ಟೇಪ್ ನಾನು ತರ್ತೀನಿ.

ಹುಬ್ಳಿ_ಗಿರ್ಮಿಟ್ · ಸೋಮವಾರ 19:30

ನಾನೂ ಬರ್ತೇನ್ರಿ, ಆದ್ರ ವಿರೋಧ ಪಕ್ಷದ ಲೆಕ್ಕದಾಗ. ಗಿರ್ಮಿಟ್ ತರ್ತೇನಿ, ಉಳ್ಳಾಗಡ್ಡಿ ಅಲ್ಲೇ ಹೆಚ್ಚೂಣು. ಕೂಡಾಕ ಜಾಗಾ ಐತೇನು?

ನಡಿಗೆಪ್ರಿಯ · ಸೋಮವಾರ 19:34

ಮರ ಇದೆ. ಬೆಂಚಿಗೆ ಬೆನ್ನಿದೆಯಾ ಅಂತ ನೋಡಿಲ್ಲ. ಮೇಡಂ, ನೀವು ಒಂದು ಚಾಪೆ ಹಿಡ್ಕೊಂಡೇ ಬನ್ನಿ.